ಒಂದೇ ಒಂದು ‘ಟಕ್’

ಮಿಸ್ತ್ರಿ ಕಾಕಾ ಅವರ ಬಲಗಿವಿ ಎಡಗಿವಿಗಿಂತ ಕಪ್ಪಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಎಣ್ಣೆ ಮೆತ್ತಿದ ಹಿಡಿಕೆಯನ್ನು ಆ ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ಗಾಡಿಯ ಮಾತು ಬಿಟ್ಟರೆ ಬೇರೆ ಯಾರ ಮಾತನ್ನೂ ಅವರು ನಂಬುತ್ತಿರಲಿಲ್ಲ.

ಲಕಮನಹಳ್ಳಿಯ ಅವರ ಶೆಡ್ಡಿಗೆ ಬಂದವರು ‘ಬ್ಯಾಟರಿ ಹೊಸದೈತ್ರಿ’ ಎಂದರೆ ಸಾಕು.

“ಯಾರು ಹೇಳಿದ್ರು?”

“ಅಂಗಡ್ಯಾಂವ.”

“ಅಂವಗ ಯಾರು ಹೇಳಿದ್ರು?”

ಆಮೇಲೆ, ಚಾವಿ ತಿರುಗಿಸಿದಾಗ ಎಂಥ ಸಪ್ಪಳ ಬಂತೆಂದು ಬಾಯಿಂದಲೇ ಮಾಡಿ ತೋರಿಸಬೇಕು. ಟೈ ಕಟ್ಟಿದ ಬ್ಯಾಂಕ್ ಸಾಹೇಬರು ನಿಂತು ‘ಟಕಟಕಟಕ’ ಎನ್ನುವುದನ್ನು ನೋಡಲೆಂದೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಟಕಟಕ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ವೈರು ಸಡಿಲ. ಒಂದೇ ಒಂದು ‘ಟಕ್’ ಎಂದರೆ ಅನುಮಾನ ಸ್ಟಾರ್ಟರ್ ಮೋಟರಿನ ಮೇಲೆ.

ನಾನು ಮಿಮಿಕ್ರಿ ಮಾಡುವವನು. ಹತ್ತು ಜನರ ದನಿ ಬರುತ್ತದೆ, ಒಬ್ಬರ ಬುದ್ಧಿಯೂ ಬರಲಿಲ್ಲ. ಒಮ್ಮೆ ಕಾಲೇಜಿನ ಮೇಡಮ್ಮರ ದನಿಯಲ್ಲಿ ಫೋನು ಮಾಡಿ ‘ಗಾಡಿ ಚಾಲೂ ಆಗವಲ್ತರಿ’ ಎಂದೆ. ಹಿಂದೆ ಒಂದು ‘ಟಕ್’ ಕೂಡ ಸೇರಿಸಿದೆ. ಕಾಕಾ ಚೀಲ ಹೊತ್ತು ಬಂದು ಕಾಲೇಜು ಗೇಟಿನ ಮುಂದೆ ಒಂದು ತಾಸು ಬಿಸಿಲಲ್ಲಿ ಕಾದರು. ನಾನು ಎದುರಿನ ಚಹಾದಂಗಡಿಯಲ್ಲಿ ಕೂತು ನಕ್ಕೆ. ಆ ನಗು ಕೇಳಿ ತಿರುಗಿದ ಅವರಿಗೆ ಗೊತ್ತಾಯಿತು. “ಇನ್ಮ್ಯಾಲೆ ನೀ ಉಸಿರಾಡಿದ್ರೂ ನಾ ನಂಬಂಗಿಲ್ಲ,” ಎಂದರಷ್ಟೆ.

ಮರುತಿಂಗಳು ಅವ್ವನ ಕಣ್ಣಿನ ಆಪರೇಷನ್ನು. ಸಕ್ಕರೆ ಏರಿ ಎರಡು ಸಲ ಮುಂದಕ್ಕೆ ಹೋಗಿತ್ತು. ಇನ್ನೂ ತಡವಾದರೆ ಇದ್ದ ನೋಟವೂ ಹೋದೀತು ಎಂದಿದ್ದರು ಡಾಕ್ಟರು. ಒಂಬತ್ತಕ್ಕೆ ವಿದ್ಯಾನಗರದ ಆಸ್ಪತ್ರೆಯಲ್ಲಿರಬೇಕು. ಅಂದೇ ಊರು ಬಂದ್. ಬಸ್ಸಿಲ್ಲ, ಆಟೋ ಇಲ್ಲ. ಮಾಳಮಡ್ಡಿಯ ಮನೆಯೆದುರು ಕಾರಿನ ಚಾವಿ ತಿರುಗಿಸಿದೆ. ಟಕ್. ಅಷ್ಟೇ.

ಕಾಕಾಗೆ ಫೋನು ಮಾಡಿದೆ. “ಕಾಕಾ, ಗಾಡಿ... ಅವ್ವನ ಕಣ್ಣು... ಒಂದ ಸಲ ಟಕ್ ಅಂತೈತ್ರಿ...”

“ಇವತ್ತ ಯಾರ ದನಿ ಇದು?”

“ನನ್ನದ ರೀ!”

“ಹೆಡ್‌ಲೈಟ್ ಹಚ್ಚಿ ಚಾವಿ ತಿರುವು. ಬೆಳಕು ಸಣ್ಣಗಾತೇನು?”

“ಇಲ್ರಿ... ಹಂಗ ಐತ್ರಿ... ಕಾಕಾ, ಟೈಮ್...”

ಆ ಕಡೆ ಚೀಲಕ್ಕೆ ಕಬ್ಬಿಣದ ಸಾಮಾನು ತುಂಬುವ ಸಪ್ಪಳ.

“ಹಂಗಾದ್ರ ಬ್ಯಾಟರಿದ್ದಲ್ಲ. ಸುಳ್ಳು ಹೇಳೋವಾಗ ನೀ ಭಾಳ ಛಲೋ ಮಾತಾಡ್ತಿ. ಇವತ್ತ ತೊದಲಾಕತ್ತಿ. ಬಂದೆ.”

ಸ್ಕೂಟರಿನಲ್ಲಿ ಬಂದವರು ಮೊದಲು ಅವ್ವನ ಕೈಯಲ್ಲಿದ್ದ ಆಸ್ಪತ್ರೆ ಚೀಟಿಯನ್ನು ಓದಿದರು, ಎರಡು ಸಲ. ಆಮೇಲೆ ಬ್ಯಾಟರಿಯ ವೈರು ಅಲುಗಾಡಿಸಿ ನೋಡಿದರು. ಗೇರು ನ್ಯೂಟ್ರಲ್ಲಿಗೆ ಹಾಕಿಸಿ, ನನಗೆ ಚಾವಿ ತಿರುಗಿಸಲು ಹೇಳಿ, ಬೋಲ್ಟು ಬಿಚ್ಚುವ ಪಾನಾದಿಂದ ಸ್ಟಾರ್ಟರ್ ಮೋಟರಿನ ಮೈಗೆ ಮೆಲ್ಲಗೆ ಎರಡು ಪೆಟ್ಟು ಕೊಟ್ಟರು. ಗಾಡಿ ಎದ್ದಿತು.

“ಒಳಗ ಕರೆಂಟ್ ಮುಟ್ಟಿಸೋ ಬ್ರಷ್ ಸವದಾವ. ಇದೇನ್ ಔಷಧ ಅಲ್ಲ, ಬರೇ ಎಬ್ಬಿಸಿದ್ದು. ಆಫ್ ಮಾಡಿದಿ ಅಂದ್ರ ಮತ್ತ ಏಳ್ತೈತಿ ಅನ್ನೂದು ಖಾತ್ರಿ ಇಲ್ಲ.”

ನಾನು ಮರೆತು ಆಫ್ ಮಾಡಿಯೇನೆಂಬ ಅನುಮಾನಕ್ಕೆ ತಾವೇ ಸ್ಟಿಯರಿಂಗ್ ಹಿಡಿದರು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ನಮ್ಮನ್ನಿಳಿಸಿ, ಎಂಜಿನ್ ಆರಿಸದೆ ಗಾಡಿಯನ್ನು ಶೆಡ್ಡಿಗೆ ಒಯ್ದರು. ಸಂಜೆ ನಮ್ಮನ್ನು ಕರೆದೊಯ್ಯಲು ಗಾಡಿ ತಂದಾಗ ಸವೆದ ಬ್ರಷ್ಷುಗಳ ಪೊಟ್ಟಣವನ್ನು ನನ್ನ ಕೈಗಿಟ್ಟರು. “ಬಿಚ್ಚಿ ನೋಡ್ಕೋ. ಹೊಸಾವು ಹಾಕೇನಿ ಅಂದ್ರ ನಂಬಬ್ಯಾಡ. ನನ್ನೂ ನಂಬಬ್ಯಾಡ.”

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿಯನ್ನು ನಾನೇ ಅವ್ವನಿಗೆ ಹೇಳಿದೆ.

“ಚ್ಯಾಷ್ಟಿ ಮಾಡಬ್ಯಾಡ,” ಎಂದವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಅಂದು ಉಳಿದ ಆ ಕಣ್ಣಿಗೆ ಇದು ಚ್ಯಾಷ್ಟಿಯಲ್ಲವೆಂದು ಕಂಡಿತು. ಮತ್ತೇನೂ ಕೇಳದೆ ಎದ್ದು ಚಪ್ಪಲಿ ಮೆಟ್ಟಿದಳು.