ತಟ್ಟೆಯ ಮೀನು ತಿರುಗಿದ ದಿನ

ಲುವಾಳಷ್ಟು ಹೆದರುಪುಕ್ಕಲಿ ಲೀ ಸೊನ್ ದ್ವೀಪದಲ್ಲೇ ಇನ್ನೊಬ್ಬಳಿಲ್ಲ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ನಾಲಗೆಗೆ ಎಲುಬಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅಪ್ಪನನ್ನು ಕಡಲು ನುಂಗಿದರೆ ಯಾವ ಮಗು ಧೈರ್ಯವಾಗಿ ಬೆಳೆಯುತ್ತೆ, ನೀವೇ ಹೇಳಿ. ಹೆಣವೂ ಸಿಗಲಿಲ್ಲ. ಹಾಗೆ ಹೋದವರಿಗೆ ನಮ್ಮಲ್ಲಿ ಮಣ್ಣಿನ ಬೊಂಬೆ ಮಾಡುತ್ತಾರೆ. ಹಿಪ್ಪುನೇರಳೆಯ ಕಡ್ಡಿಗಳನ್ನು ಮೂಳೆ ಅಂತ ಒಳಗಿಟ್ಟು, ಹೆಸರು ಹಿಡಿದು ಕೂಗಿ ಕರೆದು, ಮರಳಿನಲ್ಲಿ ಹೂಳುತ್ತಾರೆ. ಲುವಾ ಕಂಡ ಅಪ್ಪ ಅಂದರೆ ಆ ಗೋರಿ ಅಷ್ಟೇ.

'ಮೀನು ಹಿಡಿಯುವವನನ್ನು ಮಾತ್ರ ಕಟ್ಟಿಕೊಳ್ಳೊಲ್ಲ' ಅಂತ ಅವಳು ಊರಿಗೆಲ್ಲ ಸಾರಿದ್ದಳು. ಬೆಳ್ಳುಳ್ಳಿ ಬೆಳೆಯುವ ಮನೆಯಿಂದ ಒಂದು ಗಂಡೂ ಬಂದಿತ್ತು, ಸ್ವಲ್ಪ ಮೆಳ್ಳಗಣ್ಣು. ಆದರೆ ಹಣೆಬರಹ ನೋಡಿ, ಕೊನೆಗೆ ಅವಳು ಮನಸ್ಸು ಕೊಟ್ಟದ್ದು ಖಾಂಗ್‌ಗೆ. ಅವನೋ ದೀಪದ ಬೆಳಕಿಗೆ ಮೇಲೆ ಬರುವ ಬೊಂಡಾಸ ಮೀನು ಹಿಡಿಯುವ ದೋಣಿಯವನು. ಚಂದ್ರನಿಲ್ಲದ ರಾತ್ರಿಗಳು ಬಂದವೆಂದರೆ ದೊಡ್ಡ ದೀಪಗಳನ್ನು ಹೇರಿಕೊಂಡು ನೆಲ ಕಾಣದಷ್ಟು ದೂರ ಹೋಗುವವನು. ಹೊರಡುವಾಗ ಲುವಾ ಅಳುತ್ತಾ ನಿಂತರೆ ನಗುತ್ತಿದ್ದ. "ನನ್ನಂಥ ಕರೀ ಮೋರೆ ಕಡಲಿಗೂ ಬೇಡ ಕಣೇ. ಬಾಯಿಗೆ ಹಾಕ್ಕೊಂಡ್ರೂ ಉಗುಳಿಬಿಡುತ್ತೆ."

ಅವನು ನೀರಿನ ಮೇಲಿದ್ದಷ್ಟು ದಿನವೂ ಲುವಾ ಅರ್ಧ ಉಸಿರಿನಲ್ಲಿ ಬದುಕುತ್ತಿದ್ದಳು. ಅಪಶಕುನ ಅಂತ ನೆಲದ ಮೇಲಿನ ಬಲೆ ದಾಟುತ್ತಿರಲಿಲ್ಲ. ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಡುತ್ತಿರಲಿಲ್ಲ. ಪಾತ್ರೆ ತೊಳೆದರೆ ಬಾಯಿ ಮೇಲೆ ಮಾಡಿಯೇ ಒಣಗಿಸುತ್ತಿದ್ದಳು, ಮಳೆ ಬಂದು ತುಂಬಿಕೊಂಡರೂ ಸರಿ. ಅವಳ ಅತ್ತೆ ಮುವೊಯ್ ಅಜ್ಜಿಯೂ ಹಾಗೆಯೇ. ಆ ಮುದುಕಿಯ ಗಂಡ, ದೊಡ್ಡ ಮಗ ಇಬ್ಬರೂ ಮರಳಿನಲ್ಲಿ ಮಣ್ಣಿನ ಬೊಂಬೆಯಾಗಿ ಮಲಗಿದ್ದರು. ಉಳಿದವನು ಖಾಂಗ್ ಒಬ್ಬನೇ. ಅತ್ತೆ ಸೊಸೆಗೆ ಉಪ್ಪಿನಿಂದ ಪೊರಕೆಯವರೆಗೂ ಜಗಳ. ಕಡಲಿನ ಮಾತು ಬಂದರೆ ಮಾತ್ರ ಇಬ್ಬರೂ ಬಾಯಿ ಮುಚ್ಚಿಕೊಂಡು ಒಂದೇ ಕಡೆ ನೋಡುತ್ತಾ ಕೂರುತ್ತಿದ್ದರು.

ಇಂಥ ಮನೆಯ ಅಟ್ಟದಲ್ಲಿ ಬಂದು ಇಳಿದುಕೊಂಡವಳು ಇಲ್ಸೆ. ಎಲ್ಲೋ ಹಿಮ ಬೀಳುವ ದೇಶದ ಶಾಲೆಯ ಟೀಚರು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಒಂದು ವರ್ಷ ಹನೋಯಿಯಲ್ಲಿ ಕೂತು ನಮ್ಮ ಭಾಷೆ ಕಲಿತಿದ್ದಳಂತೆ. ಕಲಿತಿದ್ದಳು ನಿಜ, ಆದರೆ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದಳು.

"ನಾನು ನಿಮ್ಮ ನೈಜವಾದ ಜೀವನವನ್ನು ಅನುಭವಿಸಲು ಬಂದಿದ್ದೇನೆ," ಅಂದಳು ಮೊದಲ ದಿನ, ಕೈಕಟ್ಟಿ ನಿಂತು.

"ಏನಂತೆ?" ಅಂದಳು ಮುವೊಯ್ ಅಜ್ಜಿ.

"ನಮ್ಮ ಜೀವನ ಅನುಭವಿಸ್ತಾಳಂತೆ ಅತ್ತೆ."

"ಅನುಭವಿಸ್ಲಿ ಬಿಡು. ನಾವು ಅನುಭವಿಸಿದ್ದು ಸಾಕಾಗಿದೆ."

ಆದರೆ ಇಲ್ಸೆ ಒಳ್ಳೆಯವಳು. ಬೆಳ್ಳುಳ್ಳಿ ಸುಲಿದಳು, ಅಂಗಳ ಗುಡಿಸಿದಳು, ಲುವಾ ಬೆಳಗ್ಗೆ ಬೀದಿಯಲ್ಲಿ ಮಾರಲು ಸುಡುವ ಅಕ್ಕಿರೊಟ್ಟಿಯ ಒಲೆಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಳು. ಬಿದಿರಿನ ಹರಿಗೋಲು ಹತ್ತಿ, ಹುಟ್ಟು ಹಾಕಲು ಬಾರದೆ ನಿಂತಲ್ಲೇ ಗಿರಗಿರ ಸುತ್ತಿದಾಗ ಇಡೀ ದಡ ಬಿದ್ದು ಬಿದ್ದು ನಕ್ಕಿತು. ಅಜ್ಜಿ ಅವಳಿಗೆ ಕೊಕ್ಕರೆ ಅಂತ ಹೆಸರಿಟ್ಟಳು. "ಕೊಕ್ಕರೇ, ಬಾ, ಎಲೆ ಹಾಕ್ಕೋ" ಅಂತ ಕರೆದು ವೀಳ್ಯ ತಿನ್ನಿಸಿ, ಅವಳು ತಲೆ ತಿರುಗಿ ಕೂತದ್ದನ್ನು ನೋಡಿ ಹಲ್ಲಿಲ್ಲದ ಬಾಯಲ್ಲಿ ಕೇಕೆ ಹಾಕಿದಳು. ನಗದೆ ಎಷ್ಟು ಕಾಲವಾಗಿತ್ತೋ ಪಾಪ.

ಖಾಂಗ್ ಹೋದ ದೋಣಿ ತಿರುಗಿ ಬರಬೇಕಾದ ದಿನ ಬೆಳಗ್ಗೆಯೇ ಗಾಳಿ ಎದ್ದಿತು. ಒಂಬತ್ತನೇ ತಿಂಗಳ ಗಾಳಿ, ಹೇಳಿ ಕೇಳಿ ಬರುವಂಥದ್ದಲ್ಲ. ಆಚೆ ದಡದಿಂದ ಜನರನ್ನು ತರುವ ಲಾಂಚನ್ನು ನಿಲ್ಲಿಸಿದರು. ಲುವಾ ಒಲೆಗೂ ಬಾಗಿಲಿಗೂ ಓಡಾಡಿ ಓಡಾಡಿ, ಗಂಡ ಬಂದರೆ ಇರಲಿ ಅಂತ ಒಂದು ದೊಡ್ಡ ಕೆಂಪು ಮೀನನ್ನು ಇಡಿಯಾಗಿ ಬೇಯಿಸಿದಳು. ಮಧ್ಯಾಹ್ನವಾದರೂ ಅವನು ಬರಲಿಲ್ಲ. ಅಜ್ಜಿಗೆ ಹಸಿವು ತಡೆಯದು. ಮೂವರೂ ಚಾಪೆಯ ಮೇಲೆ ಕೂತರು.

ಮೀನಿನ ಮೇಲಿನ ಮಗ್ಗುಲು ಮುಗಿಯಿತು. ನಮ್ಮಲ್ಲಿ ಆಮೇಲೆ ಮುಳ್ಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಕೆಳಗಿನ ಮಗ್ಗುಲನ್ನು ಅದು ಇದ್ದಲ್ಲೇ ತಿನ್ನುತ್ತೇವೆ. ಎರಡು ವರ್ಷದ ಮಗುವಿಗೂ ಇದು ಗೊತ್ತು. ಇಲ್ಸೆ ಮುದುಕಿಯ ಬಟ್ಟಲು ಬರಿದಾದದ್ದನ್ನು ನೋಡಿದಳು. "ತಾಯಿಯವರೇ, ತಮಗೆ ಮೃದುವಾದ ಭಾಗವನ್ನು ನೀಡುತ್ತೇನೆ" ಅಂದವಳೇ ಎರಡೂ ಕಡ್ಡಿಗಳನ್ನು ಮೀನಿನ ಅಡಿಗೆ ತೂರಿಸಿ, ಒಂದು ತೊಟ್ಟು ರಸವೂ ಚೆಲ್ಲದ ಹಾಗೆ ಅದನ್ನು ಮೇಲೆ ಕೆಳಗೆ ಮಾಡಿಬಿಟ್ಟಳು. ಮಾಡಿ, ಹೇಗೆ ನನ್ನ ಕೈಚಳಕ ಅನ್ನುವ ಹಾಗೆ ನಕ್ಕಳು.

ಮುವೊಯ್ ಅಜ್ಜಿಯ ಕೈ ಬಾಯಿಯ ಹತ್ತಿರವೇ ನಿಂತುಹೋಯಿತು. ಗಂಡಸರು ನೀರಿನ ಮೇಲಿರುವಾಗ ತಟ್ಟೆಯ ಮೀನಿಗೆ ಹಾಗೆ ಮಾಡಿದರೆ ದೋಣಿಗೆ ಏನಾಗುತ್ತೆ ಅಂತ ಬಾಯಿ ಬಿಟ್ಟು ಹೇಳಬೇಕೇ? ಹೇಳುವ ಹಾಗೂ ಇಲ್ಲ. ಆ ಮಾತನ್ನು ಆಡುವುದೆಂದರೆ ಅದನ್ನೇ ಇನ್ನೊಂದು ಸಲ ಮಾಡಿದ ಹಾಗೆ. ಮೀನನ್ನು ಮತ್ತೆ ಮೊದಲಿನಂತೆ ಇಡೋಣ ಅಂದರೆ ಅದೂ ತಿರುಗಿಸಿದ್ದೇ ಆಯಿತು.

"ನನ್ನಿಂದ ಏನಾದರೂ ಪ್ರಮಾದವಾಯಿತೇ?" ಇಲ್ಸೆಯ ನಗು ಇಳಿಯಿತು. "ಹಿರಿಯರಿಗಿಂತ ಮೊದಲು ನಾನು ಕೈ ಹಾಕಬಾರದಿತ್ತೇ?"

"ಏನಿಲ್ಲಮ್ಮಾ. ಊಟ ಮಾಡು," ಅಂದಳು ಲುವಾ.

ಸರಿಯಾಗಿ ಅದೇ ಗಳಿಗೆಗೆ ಬಿಕ್ ಬಾಗಿಲಿಗೆ ಬರಬೇಕೇ! ಬಿಕ್ ಖಾಂಗ್ ಹೋದ ದೋಣಿಯ ಯಜಮಾನನ ಹೆಂಡತಿ. ಬಾಯಿ ತೆರೆದರೆ ಮೂರು ಕೇರಿಗೆ ಕೇಳುತ್ತೆ. ಅವತ್ತು ಅವಳ ದನಿಯೂ ಸಣ್ಣದಾಗಿತ್ತು. "ಬೆಳಗಿಂದ ರೇಡಿಯೊಗೆ ಉತ್ತರಾನೇ ಇಲ್ಲ ಕಣೇ ಲುವಾ. ನಮ್ಮೋರನ್ನ ಕರೆದ್ರೆ ಬರೀ ಬುಸ್ಸಂತ..." ಅಷ್ಟರಲ್ಲಿ ಅವಳ ಕಣ್ಣು ತಟ್ಟೆಗೆ ಬಿತ್ತು. ತಿಂದು ಬರಿದಾದ ಮುಳ್ಳು ಕೆಳಗೆ, ಮುಟ್ಟದ ಕೆಂಪು ಮಗ್ಗುಲು ಮೇಲೆ.

"ಯಾರೇ? ಯಾವ ಮುಂಡೇದು ಮಾಡಿದ್ದು ಇದನ್ನ?"

ಅಜ್ಜಿಯ ಬೆರಳು ಇಲ್ಸೆಯ ಕಡೆಗೆ ಏಳುತ್ತಿತ್ತು. ಬಿಕ್‌ಳ ಕೈಯಲ್ಲಿ ಮೀನಿನ ಪೊರೆ ತೆಗೆಯುವ ಚಾಕು ಇತ್ತು. ಅವಳು ಚುಚ್ಚುವವಳಲ್ಲ. ಆದರೆ ಅವಳು ಕೂಗಿದರೆ ಓಡಿಬರುವ ಹೆಂಗಸರ ಗಂಡಂದಿರೂ ಅದೇ ದೋಣಿಯಲ್ಲಿದ್ದರು. ಇಲ್ಸೆ ಆಗಲೇ ಬೆಳ್ಳಗೆ ಬಿಳಿಚಿಕೊಂಡು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬಯ್ಯಲು ಕರೆದ ಮಗುವಿನ ಹಾಗೆ ಕೂತಿದ್ದಳು.

"ನಾನೇ," ಅಂದಳು ಲುವಾ.

ಯೋಚಿಸಿ ಹೇಳಿದ್ದಲ್ಲ. ಪುಕ್ಕಲರು ಯೋಚಿಸಿ ಸುಳ್ಳು ಹೇಳುವುದಿಲ್ಲ, ಬಾಯಿ ತಾನಾಗಿ ಹೇಳಿಬಿಡುತ್ತೆ. ತನ್ನ ಚಾಪೆಯ ಮೇಲೆ ಕೂತು ಉಣ್ಣುತ್ತಿರುವವಳನ್ನು ಇನ್ನೊಬ್ಬರ ಕೈಗೆ ಕೊಡಲು ಅವಳಿಗೆ ಆಗಲಿಲ್ಲ, ಅಷ್ಟೇ.

"ನೀನಾ?" ಬಿಕ್ ಹೊಸ್ತಿಲು ದಾಟಿ ಒಳಗೆ ಬಂದಳು. "ಅಪ್ಪನ್ನ ತಿಂದ್ಕೊಂಡೇ ಹುಟ್ಟಿದೋಳು! ಇನ್ನೂ ಹೊಟ್ಟೆ ತುಂಬಲಿಲ್ವೇನೇ ನಿಂಗೆ? ನಮ್ಮೋರೂ ಬೇಕಾ?"

ಅಜ್ಜಿ ಎತ್ತಿದ ಬೆರಳನ್ನು ಮಡಚಿಕೊಂಡು ಸೊಸೆಯ ಮುಖವನ್ನೇ ನೋಡಿದಳು. ಇಲ್ಸೆಗೆ ಒಂದಕ್ಷರ ಅರ್ಥವಾಗಲಿಲ್ಲ. ನಮ್ಮ ದ್ವೀಪದವರು ಸಿಟ್ಟಿನಲ್ಲಿ ಆಡುವ ಮಾತು ಹನೋಯಿಯಲ್ಲಿ ಹುಟ್ಟಿದವರಿಗೇ ತಿಳಿಯದು, ಇವಳಿಗೆಲ್ಲಿ ತಿಳಿಯಬೇಕು?

ಬಿಕ್ ಹೋದ ಮೇಲೆ ಇಲ್ಸೆ ತನ್ನ ತಪ್ಪು ಏನೇ ಇರಲಿ, ದುಡಿದು ತೀರಿಸುತ್ತೇನೆ ಅಂತ ಪಾತ್ರೆಗಳನ್ನೆಲ್ಲ ತಿಕ್ಕಿ, ಅಚ್ಚುಕಟ್ಟಾಗಿ ಬೋರಲು ಹಾಕಿಟ್ಟಳು. ಲುವಾ "ಅಯ್ಯಯ್ಯೋ" ಅಂತ ಓಡಿಹೋಗಿ ಒಂದೊಂದನ್ನೂ ಎತ್ತಿ ನೆಟ್ಟಗೆ ಮಾಡಿದಳು. ಅವಳಿಗೆ ಅಳು ಬಂತು. ಈ ಹೆಂಗಸನ್ನು ಬಯ್ಯಲೂ ಆಗದು, ಬಿಡಿಸಿ ಹೇಳಲೂ ಆಗದು. ಹಾಳಾದ ಗಾಳಿ ಹೊರಗೆ ತಗಡು ಕಿತ್ತು ಎಸೆಯುತ್ತಿತ್ತು.

ದಡದ ಮೇಲೆ, ಕಡಲಿಗೆ ಹೋದವರನ್ನು ಕಾಯುವ ತಿಮಿಂಗಿಲದೊಡೆಯನ ಗುಡಿ. ನಾವು ಅವನನ್ನು ದೊಡ್ಡಯ್ಯ ಅನ್ನುತ್ತೇವೆ, ಹೆಸರು ಹಿಡಿಯುವುದಿಲ್ಲ. ಅವನ ಮೂಳೆಗಳಿರುವ ಪೆಟ್ಟಿಗೆಯ ಮುಂದೆ ಹೆಂಗಸರೆಲ್ಲ ಊದುಕಡ್ಡಿ ಹಚ್ಚಿ ಕೂತಿದ್ದರು. ಲುವಾ ಹೋದಳು. ಯಾರೂ ಜರುಗಿ ಜಾಗ ಕೊಡಲಿಲ್ಲ. ಬಾಗಿಲ ಹೊರಗೆ, ಮಳೆ ಹೊಡೆಯುವಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತಳು. ಇಲ್ಸೆ ತನ್ನ ಉದ್ದನೆಯ ರೇನ್‌ಕೋಟು ಬಿಚ್ಚಿ ಅವಳಿಗೆ ಹೊದಿಸಿ, ಪಕ್ಕದಲ್ಲೇ ನೆನೆಯುತ್ತಾ ಕೂತಳು. ಬಿಕ್ ಅದನ್ನು ನೋಡಿ, "ನೋಡ್ರೇ, ಪರದೇಶದೋಳಿಗಿರೋ ಕರುಳು ಇವಳಿಗಿಲ್ಲ" ಅಂದಳು.

ಲುವಾ ಕಣ್ಣು ಮುಚ್ಚಿದರೆ ತಟ್ಟೆಯೇ ಕಾಣುತ್ತಿತ್ತು. ದೊಡ್ಡಯ್ಯಾ, ಮಾಡಿದವಳಿಗೆ ಗೊತ್ತಿಲ್ಲ, ಗೊತ್ತಿದ್ದವಳು ಮಾಡಿಲ್ಲ, ಯಾರದ್ದು ಅಂತ ಲೆಕ್ಕ ಹಿಡಿಯಬೇಡ. ಅವನನ್ನು ಜೀವಸಹಿತ ದಡಕ್ಕೆ ತಂದುಬಿಡು. ಬಯ್ಯಲಿ, ಹೊಡೆಯಲಿ, ನನ್ನ ಮುಖ ನೋಡದಿರಲಿ, ಉಸಿರಾಡುತ್ತಾ ಇದ್ದರೆ ಸಾಕು. ಇಷ್ಟನ್ನೇ ಹೇಳಿಕೊಂಡಳು, ಮತ್ತೆ ಮತ್ತೆ, ಹಲ್ಲು ಕಟಕಟ ಅನ್ನುತ್ತಿರುವಾಗ.

ಸಂಜೆ ಕಪ್ಪಾಗುವ ಮೊದಲು ಯಾರೋ ಕೂಗಿದರು. ಇನ್ನೊಂದು ದೋಣಿ ಹಗ್ಗ ಕಟ್ಟಿ ಅವರ ದೋಣಿಯನ್ನು ಎಳೆದುಕೊಂಡು ಬರುತ್ತಿತ್ತು. ಎಂಜಿನ್ ಸತ್ತಿತ್ತು, ರೇಡಿಯೊಗೆ ನೀರು ನುಗ್ಗಿತ್ತು, ಆದರೆ ಎಲ್ಲರೂ ಇದ್ದರು. ಖಾಂಗ್ ಎದೆಮಟ್ಟದ ನೀರಿಗೆ ಹಾರಿ ನಡೆದು ಬಂದ. ಲುವಾ ಓಡಿಹೋಗಿ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಬಿಡಲೇ ಇಲ್ಲ.

"ಹೋಗೇಬಿಟ್ವಿ ಅಂದ್ಕೊಂಡಿದ್ದೆ," ಅಂದ ಯಜಮಾನ, ಹೆಂಡತಿ ಕೊಟ್ಟ ಸಾರಾಯಿಯನ್ನು ಗಟಗಟ ಕುಡಿದು. "ಒಂದು ಅಲೆ ಬಂತು ನೋಡು, ದೋಣೀನ ಪೂರಾ ಮಗ್ಗುಲಿಗೆ ಮಲಗಿಸಿಬಿಡ್ತು. ಮಧ್ಯಾಹ್ನ ಊಟದ ಹೊತ್ತು."

ಬಿಕ್ ನಿಧಾನವಾಗಿ ಲುವಾಳ ಕಡೆ ತಿರುಗಿದಳು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು.

ಮರುದಿನ ಕಡಲು ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ ತಣ್ಣಗಿತ್ತು. ಇಲ್ಸೆ ಲಾಂಚು ಹತ್ತಿದಳು. ಹತ್ತುವ ಮೊದಲು ಲುವಾಳನ್ನು ತಬ್ಬಿಕೊಂಡು, "ಅಂತಹ ಬಿರುಗಾಳಿಯಲ್ಲಿಯೂ ನಿಮ್ಮ ಮನೆಯಲ್ಲಿ ನನಗೆ ಭಯವೆಂಬುದೇ ಆಗಲಿಲ್ಲ" ಅಂದಳು. ಲುವಾ ಅವಳ ಬೆನ್ನು ತಟ್ಟಿ ಕಳಿಸಿದಳು.

ಯಜಮಾನ ಮನೆಗೆ ಬಂದದ್ದು ಆಮೇಲೆ. ಒಳ್ಳೆಯ ಮನುಷ್ಯ, ಕೂರಲೂ ಇಲ್ಲ, ನೆಲ ನೋಡುತ್ತಾ ನಿಂತ. "ಖಾಂಗ್, ನಿನ್ ಮೇಲೆ ನಂಗೇನೂ ಸಿಟ್ಟಿಲ್ಲ ಕಣೋ. ಆದ್ರೆ ನೀನಿದ್ರೆ ಹುಡುಗ್ರು ದೋಣಿ ಹತ್ತಲ್ಲ ಅಂತಾರೆ." ಈ ದೋಣಿಯವರು ಬೇಡ ಅಂದವನನ್ನು ದ್ವೀಪದ ಇನ್ನಾವ ದೋಣಿಯೂ ಹತ್ತಿಸಿಕೊಳ್ಳುವುದಿಲ್ಲ. ಅದನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನು ಹೋದ ಮೇಲೆ ಖಾಂಗ್ ಹೊಸ್ತಿಲ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡಿಕೊಂಡ. ಹುಟ್ಟಿದಾಗಿನಿಂದ ಬೇರೆ ಕೆಲಸ ಕಂಡವನಲ್ಲ.

"ಲುವಾ, ನಿಜ ಹೇಳು. ಇಷ್ಟು ವರ್ಷದಲ್ಲಿ ಒಂದು ಬೋಗುಣಿ ಬೋರಲು ಹಾಕಿದೋಳಲ್ಲ ನೀನು. ಆ ಕೊಕ್ಕರೆ ಮಾಡಿದ್ದು, ಅಲ್ವಾ? ಅವಳು ಹೋಗಾಯ್ತು. ಇನ್ನು ಅವಳಿಗೆ ಯಾರೂ ಏನೂ ಮಾಡಕ್ಕಾಗಲ್ಲ. ಹೂಂ ಅಂದುಬಿಡು, ಈಗ್ಲೇ ಹೋಗಿ ಹೇಳಿಬರ್ತೀನಿ. ನಾಡಿದ್ದು ದೋಣಿ ಹೊರಡುತ್ತೆ."

ಅವನ ಕಣ್ಣಲ್ಲಿ ಎಂಥ ಆಸೆ! ಹೂಂ ಅನ್ನುವ ಒಂದು ಮಾತು. ಅಂದರೆ ಅವನು ನಗುತ್ತಾ ಎದ್ದು ಹೋಗುತ್ತಾನೆ, ಮತ್ತೆ ಆ ನೀರಿಗೆ. ಅನ್ನದಿದ್ದರೆ ಇಲ್ಲೇ ಇರುತ್ತಾನೆ, ಕಣ್ಣೆದುರಿಗೆ, ದಿನಾ ಅವಳನ್ನು ದ್ವೇಷಿಸುತ್ತಾ. ಲುವಾ ಗಾಳಿಗೆ, ಅಲೆಗೆ, ಬಿಕ್‌ಳ ಬಾಯಿಗೆ ಹೆದರಿದ್ದು ಒಂದು ತೂಕವಾದರೆ ಈಗ ಗಂಡನ ಮುಖ ನೋಡಿ ಹೆದರಿದ್ದೇ ಒಂದು ತೂಕ.

"ನಾನೇ ಮಾಡಿದ್ದು," ಅಂದಳು. "ಕೈ ತಪ್ಪಿ."

ಖಾಂಗ್ ಅವಳನ್ನು ನಂಬಲಿಲ್ಲ. ಒಳಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನೂ ಅಲ್ಲೇ ಇದ್ಯಲ್ಲ. ನೀನು ಹೇಳು."

ಮುದುಕಿ ತಲೆ ಎತ್ತಲಿಲ್ಲ. ಎಲೆಯನ್ನು ಮಡಚಿದಳು, ಬಾಯಿಗಿಟ್ಟುಕೊಂಡಳು, ಅಗಿದಳು.

"ಇವಳೇ ಕಣೋ," ಅಂದಳು. "ನನ್ನ ಕಣ್ಣಾರೆ ನೋಡ್ದೆ."