ಹಸಿರು ದೀಪವನ್ನು ನಂಬದ ಅಕ್ಕ

ಬೆಳಗಿನ ಐದೂ ಕಾಲು. ಹಳೆಯ ಕಟ್ಟಡದ ಮೂರನೇ ಮಹಡಿಯ ಸಣ್ಣ ಕೋಣೆಯಲ್ಲಿ ಅಕ್ಕ ಕಪ್ಪು ಪೆಟ್ಟಿಗೆಯೊಂದರ ಹಿಂದೆ ಮಂಡಿಯೂರಿ ಕೂತಿದ್ದಾರೆ. ಹಣೆಗೆ ಟಾರ್ಚು ಕಟ್ಟಿಕೊಂಡಿದ್ದಾರೆ. ಸ್ವೆಟರಿನ ತೋಳು ಮೊಣಕೈವರೆಗೆ ಏರಿದೆ. ಪೆಟ್ಟಿಗೆಗೆ ಎರಡು ಕರೆಂಟಿನ ವೈರುಗಳಿವೆ. ಎಡಗಡೆಯದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಟೈಮರು ಒತ್ತಿ, ಅವರು ವೈರನ್ನು ಕಿತ್ತೇ ಬಿಡುತ್ತಾರೆ.

"ಮೇಡಂ, ಮೇಡಂ!" ಹಿಂದೆ ನಿಂತಿದ್ದ ಮಾರಾಟದವರು ಮುಗ್ಗರಿಸುತ್ತ ಮುಂದೆ ಬರುತ್ತಾರೆ. ಪೆಟ್ಟಿಗೆಯನ್ನು ತಂದವರು ಅವರೇ. ಇಷ್ಟು ಬೆಳಗ್ಗೆಯೂ ಟೈ ಕಟ್ಟಿಕೊಂಡು ಬಂದಿದ್ದಾರೆ.

"ಯಾಕೆ ಸಾರ್, ನಿಮ್ಮ ಪೆಟ್ಟಿಗೆ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಪೆಟ್ಟಿಗೆ ಮಿಸುಕುವುದಿಲ್ಲ. ಉಳಿದ ಒಂದೇ ವೈರಿನ ಮೇಲೆ ಗುಂಯ್‌ಗುಡುತ್ತಲೇ ಇದೆ. ಅಕ್ಕ ಮೊಣಕಾಲು ಒತ್ತಿಕೊಂಡು ಎದ್ದು, ಉದ್ದ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುತ್ತಾರೆ. "ಇದ್ರಲ್ಲಿ ಪಾಸು," ಎನ್ನುತ್ತಾರೆ. ಆ ದನಿಯಲ್ಲಿ ಸಂತೋಷವೇನೂ ಇಲ್ಲ. ಅವರಿಗೆ ಭಯವಿರುವುದು ಮುಂದಿನ ಪರೀಕ್ಷೆಯ ಬಗ್ಗೆ.

ಆ ಪೆಟ್ಟಿಗೆಗೆ ಕೋರ್ ರೌಟರ್ ಎಂದು ಹೆಸರು. ಮನೆಯಲ್ಲಿ ಟಿ.ವಿ. ಪಕ್ಕ ಮಿಣುಕುವ ಪುಟ್ಟ ರೌಟರಿಗೆ ಇದು ಅಜ್ಜಿ. ಅಕ್ಕ ಕೆಲಸ ಮಾಡುವ ಸಣ್ಣ ಇಂಟರ್ನೆಟ್ ಕಂಪನಿ ನಾಲ್ಕು ಸಾವಿರದ ನೂರ ಎಂಬತ್ತು ಮನೆಗಳಿಗೆ, ಮೂರು ಶಾಲೆಗಳಿಗೆ, ಒಂದು ಆಸ್ಪತ್ರೆಗೆ ಸಂಪರ್ಕ ಕೊಡುತ್ತದೆ. ಅಲ್ಲಿಂದ ಯಾರು ಏನು ಕೇಳಿದರೂ ಅದು ಈ ಒಂದು ಪೆಟ್ಟಿಗೆಯನ್ನು ಹಾದೇ ಹೊರಗಿನ ಜಗತ್ತಿಗೆ ಹೋಗಬೇಕು. ಈಗಿರುವುದು ಹಳೆಯದಾಗಿದೆ. ವರ್ಷದ ಕೊನೆಗೆ ಅದರ ಬಿಡಿಭಾಗಗಳೂ ಸಿಗುವುದಿಲ್ಲ. ಹೊಸದನ್ನು ಆರಿಸಿ ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕಾದವರು ಅಕ್ಕ. ಗಡುವು ಶುಕ್ರವಾರ. ಇವತ್ತು ಬುಧವಾರ.

ಈ ಸಲ ಆಯ್ಕೆ ತಪ್ಪಿದರೆ ಕಂಪನಿಗೆ ಉಳಿಗಾಲವಿಲ್ಲ ಎನ್ನುವುದು ಇಲ್ಲಿನ ಹನ್ನೊಂದು ಜನಕ್ಕೂ ಗೊತ್ತು. ದೊಡ್ಡ ಕಂಪನಿಯೊಂದರ ಹುಡುಗಿಯರು ಆಗಲೇ ಮನೆಮನೆಗೆ ಹೋಗಿ ಬಣ್ಣದ ಕರಪತ್ರ ಹಂಚುತ್ತಿದ್ದಾರೆ. ಎರಡು ದಿನ ಇಂಟರ್ನೆಟ್ ಕೈಕೊಟ್ಟರೆ ಸಾಕು, ಅರ್ಧ ಊರು ಅತ್ತ ಹೊರಳುತ್ತದೆ.

ಇಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಅವರಿಗೆ ಈಗ ಐವತ್ತೆರಡು. ಇಪ್ಪತ್ಮೂರನೇ ವಯಸ್ಸಿಗೆ, ಈಗಿನ ಮಾಲೀಕರ ತಂದೆ ಕೇಬಲ್ ಟಿ.ವಿ. ನಡೆಸುತ್ತಿದ್ದ ಕಾಲದಲ್ಲಿ, ಎಲೆಕ್ಟ್ರಿಕಲ್ ಡಿಪ್ಲೊಮಾ ಹಿಡಿದು ಕೆಲಸ ಕೇಳಲು ಬಂದರು. ಲೆಕ್ಕ ಬರೆಯುವ ಕುರ್ಚಿ ತೋರಿಸಿದರಂತೆ. "ನಾನು ಏಣಿ ತೋರಿಸಿ ಅಂದೆ," ಎಂದು ನಗುತ್ತಾರೆ. ಒಂಬತ್ತು ವರ್ಷ ಕಂಬ ಹತ್ತಿದರು. ಕೆಳಗೆ ನಿಂತು ನೋಡಲು ಜನ ಸೇರುತ್ತಿದ್ದರು. "ಕುತ್ತಿಗೆ ನೋಯ್ಸ್ಕೊಳ್ಳೋದು ಅವರ ಇಷ್ಟ. ನಾನು ನನ್ನ ವೈರು ನೋಡ್ತಿದ್ದೆ." ಕೇಬಲ್ ಹೋಗಿ ಇಂಟರ್ನೆಟ್ ಬಂದಾಗ ಅವರಿಗೆ ಕಲಿಸಲು ಯಾರೂ ಇರಲಿಲ್ಲ. ಯಂತ್ರಗಳ ಜೊತೆ ಬರುವ ದಪ್ಪ ಪುಸ್ತಕಗಳನ್ನು ಬಸ್ಸಿನಲ್ಲಿ ಓದಿ ಕಲಿತರು.

ಪತಿ ಎರಡು ಬೀದಿಯಾಚೆಯ ಬೇಕರಿಯಲ್ಲಿ ಬ್ರೆಡ್ ಸುಡುತ್ತಾರೆ. ಇಬ್ಬರೂ ನಾಲ್ಕೂವರೆಗೆ ಒಟ್ಟಿಗೆ ಮನೆ ಬಿಡುತ್ತಾರೆ. "ನಮ್ಮನೆಯವರಿಗೆ ಬ್ರೆಡ್ ಸೀದ್ರೆ ಊರಿಗೆಲ್ಲ ವಾಸನೆ ಬರುತ್ತೆ. ನನ್ನ ಕೆಲಸ ಸೀದ್ರೆ ವಾಸನೆ ಬರಲ್ಲ, ಅದೇ ಕಷ್ಟ." ಬೆಳಗಿನ ಐದರಿಂದ ಆರರವರೆಗೆ ಊರು ಇಂಟರ್ನೆಟ್ ಬಳಸುವುದು ಅತಿ ಕಡಿಮೆ. ಹೊಸ ಯಂತ್ರಗಳನ್ನು ಸತಾಯಿಸಿ ನೋಡಲು ಅವರಿಗೆ ಸಿಗುವುದು ಆ ಒಂದು ಗಂಟೆ. ಮೂರು ವಾರದಿಂದ ದಿನವೂ ಅರವತ್ತೆರಡು ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ಒಂದು ದಿನ ಎ.ಸಿ. ಆರಿಸಿ ಕೋಣೆ ಕಾಯಿಸುತ್ತಾರೆ. ಇನ್ನೊಂದು ದಿನ ಫ್ಯಾನಿನ ಬಾಯಿಗೆ ರಟ್ಟು ಅಡ್ಡ ಇಡುತ್ತಾರೆ. ಎ.ಸಿ. ತೋರಿಸುವ ಅಂಕಿಯನ್ನೂ ಅವರು ನಂಬುವುದಿಲ್ಲ. ಗೋಡೆಗೆ ಬೇರೆಯದೇ ಥರ್ಮಾಮೀಟರು ನೇತುಹಾಕಿದ್ದಾರೆ.

ಈ ಅಪನಂಬಿಕೆಗೆ ಒಂದು ಕಾರಣವಿದೆ. ಅದು ಹಳೆಯ ರೌಟರ್ ಇರುವ ಕಬ್ಬಿಣದ ಕಪಾಟಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿದೆ. ಅಂಚು ಹಳದಿಯಾದ ಆ ಹಾಳೆಯಲ್ಲಿ ಅಕ್ಕನ ದುಂಡು ಅಕ್ಷರ: "ಪಟ್ಟಿ ತುಂಬಿತ್ತು. ನಾನು ನೋಡಲಿಲ್ಲ. ಊರು ಒಂಬತ್ತು ಗಂಟೆ ಕಾಲ ಪರದಾಡಿತು. ತಪ್ಪು ನನ್ನದು." ಕೆಳಗೆ ಸಹಿ.

ಜಗತ್ತಿನ ಯಾವ ವಿಳಾಸಕ್ಕೆ ಯಾವ ದಾರಿ ಎನ್ನುವ ಪಟ್ಟಿಯೊಂದನ್ನು ಕೋರ್ ರೌಟರ್ ನೆನಪಿಟ್ಟುಕೊಂಡಿರುತ್ತದೆ. ಪಟ್ಟಿಯಲ್ಲಿ ಲಕ್ಷಗಟ್ಟಲೆ ಸಾಲುಗಳು. ಅದು ದಿನಾ ಬೆಳೆಯುತ್ತದೆ. ಏಳು ವರ್ಷದ ಹಿಂದೆ ಅಕ್ಕ ರೌಟರ್ ಆರಿಸುವಾಗ, ಇಷ್ಟು ಲಕ್ಷ ಸಾಲು ಹಿಡಿಯುತ್ತದೆ ಎಂದು ಅದರ ಪುಸ್ತಕದಲ್ಲಿ ಬರೆದಿತ್ತು. ಅವರು ಅದನ್ನು ನಂಬಿದರು. ಇಂಟರ್ನೆಟ್‌ನಲ್ಲಿ ಹಳೆ ಮಾದರಿ, ಹೊಸ ಮಾದರಿ ಎಂದು ಎರಡು ಬಗೆಯ ವಿಳಾಸಗಳಿವೆ. ಹೊಸ ಮಾದರಿಯ ಒಂದು ವಿಳಾಸ ಆ ಯಂತ್ರದಲ್ಲಿ ಹಳೆಯ ಎರಡರ ಜಾಗ ತಿನ್ನುತ್ತದೆ ಎನ್ನುವುದು ಕೊನೆಯ ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿತ್ತು. ಎರಡು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಮಂಗಳವಾರ ಬೆಳಗ್ಗೆ ಪಟ್ಟಿ ತುಂಬಿಹೋಯಿತು.

"ಪೂರ್ತಿ ನಿಂತಿದ್ರೆ ಐದು ನಿಮಿಷದಲ್ಲಿ ಗೊತ್ತಾಗೋದು. ಅದು ನಿಲ್ಲಲಿಲ್ಲ. ಒಬ್ಬರಿಗೆ ಬ್ಯಾಂಕ್ ತೆರೆಯುತ್ತೆ, ಮೇಲ್ ತೆರೆಯಲ್ಲ. ಪಕ್ಕದ ಮನೇಲಿ ಮೇಲ್ ಬರುತ್ತೆ, ಸ್ಕೂಲಿಂದು ಬರಲ್ಲ. ನಾನು ವೈರು ಹಾಳಾಗಿದೆ ಅಂದ್ಕೊಂಡೆ. ಎಲ್ಲರನ್ನೂ ಕಂಬ ಹತ್ತಿಸಿದೆ. ಸುಡು ಬಿಸಿಲು. ಪೆಟ್ಟಿಗೆ ನೋಡಿದ್ರೆ ಎಲ್ಲಾ ದೀಪ ಹಸಿರು. ನಗ್ತಾ ಇತ್ತು ನನ್ನ ನೋಡಿ." ಅವತ್ತು ಕಂಬದಿಂದ ಜಾರಿದ ಲೈನ್‌ಮನ್ ಒಬ್ಬರ ಮಣಿಕಟ್ಟು ಮುರಿಯಿತು. ಅವರು ಈಗಲೂ ಇಲ್ಲೇ ಇದ್ದಾರೆ, ಫೋನ್ ಎತ್ತುವ ಕೆಲಸದಲ್ಲಿ. ಆ ಕೈ ಪೂರ್ತಿ ತಿರುಗುವುದಿಲ್ಲ. ಹಾಳೆ ತೆಗೆದುಹಾಕಿ ಎಂದು ಅವರೇ ಎಷ್ಟೋ ಸಲ ಹೇಳಿದ್ದಾರಂತೆ. ಅಕ್ಕ ತೆಗೆದಿಲ್ಲ. ಆಗ ಅನಗತ್ಯ ದಾರಿಗಳನ್ನು ಕೈಯಾರೆ ಕಿತ್ತು ಪಟ್ಟಿಯನ್ನು ಸಣ್ಣದು ಮಾಡಿದವರು, ಇಲ್ಲಿಯವರೆಗೆ ವಾರವಾರವೂ ಅದನ್ನು ಕತ್ತರಿಸುತ್ತ ಅದೇ ಯಂತ್ರವನ್ನು ನಡೆಸಿಕೊಂಡು ಬಂದಿದ್ದಾರೆ.

ಐದೂ ಮುಕ್ಕಾಲಿಗೆ ಮಾಲೀಕರು ಮೆಟ್ಟಿಲು ಹತ್ತಿ ಬರುತ್ತಾರೆ. ಮೂವತ್ತೆಂಟರ ಮನುಷ್ಯ. ಚಿಕ್ಕವರಿದ್ದಾಗ ಅಕ್ಕನ ಏಣಿ ಹಿಡಿದುಕೊಂಡಿದ್ದವರು. ಜನರೆದುರು ಅಕ್ಕ ಅವರನ್ನು ಸಾರ್ ಎನ್ನುತ್ತಾರೆ. ಹೊಳೆಯುವ ಈ ಯಂತ್ರ ಮಾಲೀಕರ ಮನಸ್ಸಿಗೆ ಬಂದಿದೆ. ಮಾರಾಟದವರಿಗೆ ಬಾಯಿಮಾತಿನಲ್ಲಿ ಹೂಂ ಎಂದೂ ಆಗಿದೆ.

ಅಕ್ಕ ಕೊನೆಯ ಪರೀಕ್ಷೆ ಶುರು ಮಾಡುತ್ತಾರೆ. ಪಟ್ಟಿ ಇನ್ನು ಐದು ವರ್ಷಕ್ಕೆ ಎಷ್ಟು ಬೆಳೆದೀತೋ ಅಷ್ಟನ್ನು, ಎರಡೂ ಮಾದರಿಯ ವಿಳಾಸ ಬೆರೆಸಿ, ಲ್ಯಾಪ್‌ಟಾಪಿನಿಂದ ಪೆಟ್ಟಿಗೆಗೆ ತುಂಬಿಸುತ್ತಾರೆ. ಆಮೇಲೆ ಅದರ ಮೂಲಕ ನೂರು ವಿಳಾಸಗಳನ್ನು ಕೂಗಿ ಕರೆದು, ಎಷ್ಟು ಓಗೊಡುತ್ತವೆ ಎಂದು ಎಣಿಸುತ್ತಾರೆ. ಮೊದಲು ನೂರಕ್ಕೆ ನೂರು. ಪಟ್ಟಿ ತುಂಬುತ್ತಾ ಹೋದಂತೆ ತೊಂಬತ್ತೆರಡು. ಎಪ್ಪತ್ತೈದು. ಅರವತ್ತೊಂದಕ್ಕೆ ಬಂದು ನಿಲ್ಲುತ್ತದೆ. ಪೆಟ್ಟಿಗೆಯ ಮುಖದ ಮೇಲೆ ಒಂದು ದೀಪವೂ ಕೆಂಪಾಗಿಲ್ಲ. ಒಂದು ಎಚ್ಚರಿಕೆಯ ಸಾಲೂ ಬಂದಿಲ್ಲ.

"ಮೇಡಂ, ಇಷ್ಟು ಯಾರೂ ತುಂಬಿಸಲ್ಲ," ಮಾರಾಟದವರು ಟೈ ಸಡಿಲಿಸುತ್ತಾರೆ. "ನೀವು ಬೇಕೂಂತ ಬೀಳಿಸ್ತಿದ್ದೀರಿ."

"ಹೌದು ಸಾರ್, ಬೇಕೂಂತಲೇ. ತುಂಬಿತು ಅಂತ ಬಾಯ್ಬಿಟ್ಟು ಹೇಳಿದ್ರೆ ನಂಗೆ ಬೇಜಾರಿಲ್ಲ, ಏನೋ ಮಾಡ್ಕೋತೀನಿ. ಮೂವತ್ತೊಂಬತ್ತು ವಿಳಾಸ ನುಂಗ್ಬಿಟ್ಟು ಹಲ್ಕಿರ್ಕೊಂಡು ಕೂತಿದೆಯಲ್ಲ, ಇದನ್ನ ನನ್ನ ಮನೆ ಒಳಗೆ ಬಿಟ್ಕೊಳ್ಳಲ್ಲ."

"ಐದು ವರ್ಷದ ಮಾತು ಈಗ್ಯಾಕೆ ಅಕ್ಕಾ?" ಮಾಲೀಕರು ತಗ್ಗಿದ ದನಿಯಲ್ಲಿ ಕೇಳುತ್ತಾರೆ. "ಇವರಿಗೆ ಮಾತು ಕೊಟ್ಟಿದ್ದೀನಿ. ನಿಮಗೆ ಆಗದಿದ್ರೆ ಬಿಡಿ, ಸಹಿ ನಾನೇ ಹಾಕ್ತೀನಿ."

ಕೆಲಸಕ್ಕೆ ಸಂಚಕಾರ ಬರುವುದು ಇಂಥ ಗಳಿಗೆಯಲ್ಲೇ. ಅಕ್ಕನಿಗೂ ಅದು ಗೊತ್ತು. ಆದರೂ ಅವರು ಸೀದಾ ಹಳೆಯ ರೌಟರಿನ ಹತ್ತಿರ ಹೋಗಿ, ಬಾಗಿಲ ಮೇಲಿನ ಹಾಳೆಗೆ ಬೆರಳಿಡುತ್ತಾರೆ. ಕಿಸೆಯಿಂದ ಪೆನ್ನು ತೆಗೆದು ಮುಂದೆ ಹಿಡಿಯುತ್ತಾರೆ.

"ಹಾಕು ತಮ್ಮಾ," ಎನ್ನುತ್ತಾರೆ. ಹೊರಗಿನವರೆದುರು ಅವರು ಹಾಗೆ ಕರೆದದ್ದು ಇದೇ ಮೊದಲು. "ಆದ್ರೆ ಮೊದಲು ಇಲ್ಲಿ ಹಾಕು, ನನ್ನ ಹೆಸರಿನ ಕೆಳಗೆ. ತಪ್ಪು ನನ್ನದು ಅಂತ ಈಗಲೇ ಬರೆದಿಡು. ಆಮೇಲೆ ಬರೆಯೋಕೆ ಕೈ ಬರಲ್ಲ. ನಂಗೆ ಗೊತ್ತು."

ಮಾಲೀಕರು ಹಾಳೆಯನ್ನು ಹೊಸದೆಂಬಂತೆ ಓದುತ್ತಾರೆ. ಪಕ್ಕದ ಕೋಣೆಯಲ್ಲಿ ಫೋನಿನವರು ಸೊಟ್ಟ ಮಣಿಕಟ್ಟಿನಿಂದ ಕಿಟಕಿ ತೆರೆಯುವ ಸದ್ದು ಕೇಳುತ್ತದೆ. ಪೆನ್ನು ಅಕ್ಕನ ಕೈಯಲ್ಲೇ ಉಳಿಯುತ್ತದೆ. "ಸಾರ್," ಎಂದು ಮಾಲೀಕರು ಕೊನೆಗೆ ಮಾರಾಟದವರ ಕಡೆ ತಿರುಗುತ್ತಾರೆ, "ಪೆಟ್ಟಿಗೆ ಇಳಿಸೋಕೆ ಯಾರಾದ್ರೂ ಬೇಕಾ? ಅರವತ್ತೆರಡು ಮೆಟ್ಟಿಲಿದೆ."

ಮೂರು ವಾರ ಸತಾಯಿಸಿ ನೋಡಿದವುಗಳಲ್ಲಿ ಶುಕ್ರವಾರ ಅಕ್ಕ ಆರಿಸಿದ್ದು ಹೊಳಪಿಲ್ಲದ, ಬಳಸಿದ ಎರಡು ಯಂತ್ರಗಳನ್ನು. ಒಂದೊಂದೂ ಇಡೀ ಊರಿನ ಭಾರವನ್ನು ಒಂಟಿಯಾಗಿ ಹೊರಬಲ್ಲದು. ಒಂದು ಬಿದ್ದರೆ ಇನ್ನೊಂದು ಆ ಕ್ಷಣದಲ್ಲೇ ಕೈಗೆತ್ತಿಕೊಳ್ಳಬೇಕು. ಮುಖ್ಯವಾಗಿ, ಪಟ್ಟಿ ಮುಕ್ಕಾಲು ತುಂಬುವಾಗಲೇ ಅವು ಕೆಂಪು ದೀಪ ಹಾಕಿ ಕಿರುಚುತ್ತವೆ. "ಜಗಳಗಂಟಿಯರು," ಎಂದು ಅಕ್ಕ ಮೆಚ್ಚಿಕೊಳ್ಳುತ್ತಾರೆ. ಮೂರನೆಯದೊಂದನ್ನು ಬಿಡಿಭಾಗಕ್ಕೆಂದು ಕಪಾಟಿನಲ್ಲಿ ಇಡಿಸಿದ್ದಾರೆ.

ಜೋಡಿಸಿ ಹತ್ತು ದಿನವಾದ ಮೇಲೆ, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ, ಊರೆಲ್ಲ ಇಂಟರ್ನೆಟ್ ಬಳಸುವ ಹೊತ್ತಿಗೆ, ಅಕ್ಕ ಮತ್ತೆ ಪೆಟ್ಟಿಗೆಯ ಹಿಂದೆ ಮಂಡಿಯೂರುತ್ತಾರೆ. ಬಾಗಿಲಲ್ಲಿ ಮಾಲೀಕರು ಕೈ ಹೊಸೆಯುತ್ತಿದ್ದಾರೆ. "ಬೆಳಗ್ಗೆ ಐದಕ್ಕೆ ಮಾಡಬಹುದಿತ್ತಲ್ಲ ಅಕ್ಕಾ."

"ಅದು ಬೆಳಗ್ಗೆ ಐದಕ್ಕೇ ಕೆಡ್ತೀನಿ ಅಂತ ಬರೆದುಕೊಟ್ಟಿದೆಯಾ?"

ಈ ಸಲ ಮೊದಲ ಯಂತ್ರದ ಎರಡೂ ವೈರುಗಳನ್ನು ಒಟ್ಟಿಗೆ ಕೀಳುತ್ತಾರೆ. ಫ್ಯಾನುಗಳು ನಿಡುಸುಯ್ದು ನಿಲ್ಲುತ್ತವೆ. ಪಕ್ಕದ ಯಂತ್ರದ ದೀಪಗಳು ಮಿಣಮಿಣ ಎನ್ನತೊಡಗುತ್ತವೆ. ಒಂದು ನಿಮಿಷ, ಎರಡು ನಿಮಿಷ. ಟೈಮರು ಟಿಕ್‌ಟಿಕ್ ಎನ್ನುತ್ತಿದೆ. ಮೂರನೇ ನಿಮಿಷಕ್ಕೆ ಫೋನು ಹೊಡೆದುಕೊಳ್ಳುತ್ತದೆ. ಮಾಲೀಕರು ಗೋಡೆ ಹಿಡಿದುಕೊಳ್ಳುತ್ತಾರೆ. ಅಕ್ಕ ಟೈಮರು ಹಿಡಿದು ಕೂತಲ್ಲೇ ಕೂತಿದ್ದಾರೆ.

ಪಕ್ಕದ ಕೋಣೆಯಿಂದ ಫೋನಿನವರ ದನಿ: "ಹೇಳಿ ಅಜ್ಜಿ. ಹೂಂ. ಹೂಂ. ಇಂಟರ್ನೆಟ್ ಬರ್ತಿದೆಯಾ? ಬರ್ತಿದೆ. ಮತ್ತೆ? ರಿಮೋಟ್ ಕೆಲಸ ಮಾಡ್ತಿಲ್ವಾ? ಸೆಲ್ ಬದಲಾಯ್ಸಿ ನೋಡಿ ಅಜ್ಜಿ."

ಅವತ್ತು ಇಡೀ ಮಧ್ಯಾಹ್ನ ಬಂದ ದೂರು ಅದೊಂದೇ. ಅಕ್ಕನಿಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಲಿಫ್ಟ್ ಬೇಕಿತ್ತು ಎಂದು ನಗುತ್ತಾರೆ. ಮಾತಾಡುತ್ತಲೇ ಹಳೆಯ ರೌಟರಿನ ಬಾಗಿಲಿಂದ ಆ ಹಳದಿ ಹಾಳೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸುತ್ತಾರೆ. ಇನ್ನಾದರೂ ಅದನ್ನು ಬಿಸಾಡುತ್ತಾರೇನೋ ಎಂದು ಮಾಲೀಕರು ನೋಡುತ್ತಾರೆ. ಅಕ್ಕ ಟೇಪು ಹರಿದು, ಹಾಳೆಯನ್ನು ಹೊಸ ಯಂತ್ರಗಳ ಬಾಗಿಲಿಗೆ ಅಂಟಿಸಿ, ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ.

"ಇವೂ ಒಂದಲ್ಲ ಒಂದಿನ ನಂಗೆ ಸುಳ್ಳು ಹೇಳೋಕೆ ನೋಡ್ತವೆ," ಎನ್ನುತ್ತಾರೆ. "ನೋಡ್ಲಿ. ನಾನು ಇಲ್ಲೇ ಇರ್ತೀನಿ."