ಹೆಜ್ಜೆಯ ಪಟ್ಟಿ ಓದಿದ ಹವಾಲ್ದಾರ

ಕದರಮಂಡಲಗಿಯ ಫಕ್ಕೀರೇಶನಿಗೆ ಜನರನ್ನು ಕಂಡರೆ ಆಗುತ್ತಿರಲಿಲ್ಲ. ಜನರಿಗೂ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದು, ಕೊನೆಯ ಆರು ವರ್ಷ ಹೊಸ ಸಿಪಾಯಿಗಳಿಗೆ ಕಸರತ್ತು ಕಲಿಸುವ ಉಸ್ತಾದನಾಗಿದ್ದು, ಹವಾಲ್ದಾರನಾಗಿ ನಿವೃತ್ತನಾಗಿ ಬಂದವನು. ಊರಿಗೆ ಬಂದ ತಿಂಗಳೊಳಗೆ ಅಣ್ಣನ ಜೊತೆ ಮಾತು ಬಿಟ್ಟ. ಹೆಂಡತಿ ಅರುಣಾಳನ್ನು ಬೆಳಿಗ್ಗೆ ಐದಕ್ಕೆ ಸೀಟಿ ಊದಿ ಎಬ್ಬಿಸುತ್ತಾನೆಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಆದರೂ ಅವನು ಅಲ್ಲಗಳೆಯಲಿಲ್ಲ. ಹೆದರಿದರೆ ಹೆದರಲಿ ಎಂದು ಬಿಟ್ಟ.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅವನಿಗೆ ಕಾವಲುಗಾರರ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಅಲ್ಲಿ ಅರವತ್ತು ಹೆಂಗಸರು ಬೀಜ ಆರಿಸಿ, ಜರಡಿ ಹಿಡಿದು, ಚೀಲ ಹೊತ್ತು ದುಡಿಯುತ್ತಿದ್ದರು. ಮ್ಯಾನೇಜರ್ ಹೇಮಂತ ಹಾವೇರಿಯವನು, ದಿನಾ ಕಾರಿನಲ್ಲಿ ಬಂದುಹೋಗುವವನು. ಬೆನ್ನುನೋವು, ಸೊಂಟನೋವು ಎಂದು ಹೆಂಗಸರು ರಜೆ ಹಾಕುವುದು ಹೆಚ್ಚಾಗಿದೆಯೆಂದು ಅವನಿಗೆ ಸಿಟ್ಟು. ಯಾವುದೋ ತರಬೇತಿಯಲ್ಲಿ ವ್ಯಾಯಾಮವೇ ಮದ್ದು ಎಂದು ಕೇಳಿ ಬಂದವನು ಫಕ್ಕೀರೇಶನನ್ನು ಕರೆದ.

“ದಿನಾ ಏಳೂವರೆಗೆ ಅರ್ಧ ತಾಸು ಡ್ರಿಲ್ ಮಾಡಸ್ರಿ. ಎಂಟಕ್ಕ ಕೆಲಸ ಚಾಲೂ. ತಪ್ಪಿಸಿದವರ ಹೆಸರು ನನಗ ಬೇಕು.”

ಫಕ್ಕೀರೇಶನಿಗೆ ಒಳಗೊಳಗೇ ಖುಷಿಯಾಯಿತು. ಮತ್ತೆ ಯಾರೋ ತನ್ನ ಮಾತು ಕೇಳುತ್ತಾರೆ! ಮರುದಿನವೇ ಗೋದಾಮಿನ ಮುಂದಿನ ಅಂಗಳದಲ್ಲಿ ಸೀಟಿ ಕೇಳಿಸಿತು. ಸೀರೆ ಉಟ್ಟು ಮೇಲೆ ಅಂಗಿ ತೊಟ್ಟ ಹೆಂಗಸರು ಕೈ ಎತ್ತಿದರು, ಇಳಿಸಿದರು, ಬಾಯೊಳಗೇ ಅವನಿಗೆ ಶಾಪ ಹಾಕಿದರು.

ಮೂರನೆಯ ದಿನ ಮೇಡ್ಲೇರಿಯ ಗುತ್ತೆವ್ವ ಬಸ್ಸು ತಪ್ಪಿ ತಡವಾಗಿ ಬಂದಳು. ಐವತ್ತರ ಹತ್ತಿರದ, ಗಟ್ಟಿ ಬಾಯಿಯ ಹೆಂಗಸು.

“ಅಂಗಳ ಎರಡು ಸುತ್ತು ಓಡು,” ಎಂದ ಫಕ್ಕೀರೇಶ.

“ಇಡೀ ದಿನಾ ಚೀಲಾ ಹೊರಾಕಿ ನಾ. ನನ್ನ ಮೈಗೆ ಇನ್ನ ಎಂಥಾ ಕಸರತ್ತು ಬೇಕ್ರಿ?”

“ಹೊರೂದು ಬ್ಯಾರೆ, ಕಸರತ್ತು ಬ್ಯಾರೆ. ಬಾಯಿ ಮುಚ್ಚಿ ಓಡು.”

ಗುತ್ತೆವ್ವ ಓಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮದುವೆ ಮನೆಗೆ ಹೊರಟವಳಂತೆ ನಿಧಾನವಾಗಿ ಎರಡು ಸುತ್ತು ನಡೆದಳು. ಉಳಿದವರೆಲ್ಲ ಮುಸಿಮುಸಿ ನಕ್ಕರು. ಅವನು ಅವಳ ಹೆಸರು ಬರೆದುಕೊಟ್ಟ. ಆ ವಾರ ಹೇಮಂತ ಅವಳಿಗೆ ರಜೆ ಕೊಡಲಿಲ್ಲ. ಅಲ್ಲಿಂದ ಅವರಿಬ್ಬರದು ಹಾವು ಮುಂಗುಸಿಯ ಬಾಳಾಯಿತು.

ಫಕ್ಕೀರೇಶನ ಎಡಮೊಣಕಾಲು ಹಿಮದ ಇಳಿಜಾರಿನಲ್ಲಿ ಜಾರಿ ಬಿದ್ದಾಗಲೇ ಕೆಟ್ಟಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಗೇಟಿನ ಕೋಣೆಯಲ್ಲಿ ಪ್ಯಾಂಟು ಮೇಲೆತ್ತಿ, ಬಾತ ಮೊಣಕಾಲಿಗೆ ಬಟ್ಟೆ ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಗುತ್ತೆವ್ವ ನಿಂತಿದ್ದಳು.

“ಇದೇನ್ರಿ?”

“ಹೊರಗ ನಡಿ.”

ಅವಳು ಹೋದಳು. ಆದರೆ ಮರುದಿನ ಡ್ರಿಲ್ಲಿನಲ್ಲಿ ಎಲ್ಲರೆದುರು ಕೂಗಿದಳು: “ಸಾಹೇಬ್ರ, ಮೊದಲು ನೀವ ಒಂದು ಸುತ್ತು ಓಡಿ ತೋರಸ್ರಿ!”

ಅಂಗಳವೆಲ್ಲ ನಗೆ. ಫಕ್ಕೀರೇಶ ಓಡಿದ. ಅರ್ಧ ಸುತ್ತಿಗೆ ಕಾಲು ಕೈಕೊಟ್ಟು ಬಿದ್ದ. ಅರವತ್ತು ಜನರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಗೋಡೆ ಹಿಡಿದು ತಾನೇ ಎದ್ದ. ಆ ಹೆಂಗಸರನ್ನು ಅವನು ಅಷ್ಟು ದ್ವೇಷಿಸಿದ್ದು ಹಿಂದೆಂದೂ ಇರಲಿಲ್ಲ. ಆದರೆ ಕೋಣೆಗೆ ಬಂದು ಕುಳಿತಾಗ ಒಂದು ವಿಚಾರ ಮುಳ್ಳಿನಂತೆ ಚುಚ್ಚಿತು. ತಾನು ಓಡಿಸುತ್ತಿದ್ದ ಸಿಪಾಯಿಗಳಿಗೆ ಹೊಟ್ಟೆ ತುಂಬ ಊಟವಿತ್ತು, ಕಣ್ತುಂಬ ನಿದ್ದೆಯಿತ್ತು. ಇವರು ನೀರು ತಂದು, ರೊಟ್ಟಿ ಬಡಿದು, ಬಸ್ಸಿನಲ್ಲಿ ನಿಂತು ಬರುವವರು. ಉಸ್ತಾದನಾದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಮುಂದಿನ ತಿಂಗಳು ಕಂಪನಿಯ ಮುಖ್ಯ ಕಚೇರಿಯಿಂದ ಹೆಜ್ಜೆ ಎಣಿಸುವ ಕೈಪಟ್ಟಿಗಳು ಬಂದವು. ಮ್ಯಾನೇಜರನಿಂದ ಹಿಡಿದು ಎಲ್ಲರೂ ಒಂದು ವಾರ ಕಟ್ಟಿಕೊಳ್ಳಬೇಕು. ವಾರ ಕಳೆದ ಮೇಲೆ ಹೇಮಂತ ಎಲ್ಲರ ಹೆಜ್ಜೆ ಲೆಕ್ಕ ಬರೆದ ಪಟ್ಟಿಯನ್ನು ಫಕ್ಕೀರೇಶನ ಕೈಗಿಟ್ಟ.

“ಕಡಿಮಿ ಇದ್ದ ಹೆಂಗಸರ ಹೆಸರು ಅಷ್ಟ ಎಲ್ಲರ ಮುಂದ ಓದ್ರಿ. ಆಫೀಸಿನವರದು ಬ್ಯಾಡ. ಅಂದಹಾಂಗ, ನಿಮ್ಮದೂ ಭಾಳ ಕಡಿಮಿ ಐತಿ. ಮಿಲಿಟ್ರಿಯವರು ಅಂದ್ರ ಇಷ್ಟೇ ಏನು?”

ಫಕ್ಕೀರೇಶ ಪಟ್ಟಿ ಹಿಡಿದು ಹೊರನಡೆದ. ಅಂಗಳಕ್ಕೆ ಬಂದು, ಕವಾಯತಿನ ದನಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಓದಿದ.

“ಗುತ್ತೆವ್ವ, ಮೇಡ್ಲೇರಿ. ದಿನಕ್ಕ ಹತ್ತೊಂಬತ್ತು ಸಾವಿರ ಹೆಜ್ಜಿ.” ಒಂದೊಂದಾಗಿ ಹೆಂಗಸರ ಹೆಸರುಗಳು ಮುಗಿದವು. ಹನ್ನೊಂದು ಸಾವಿರಕ್ಕಿಂತ ಕೆಳಗೆ ಒಬ್ಬಳೂ ಇರಲಿಲ್ಲ. “ಫಕ್ಕೀರೇಶ, ಗೇಟು. ನಾಕು ಸಾವಿರ. ಮ್ಯಾನೇಜರ್ ಹೇಮಂತ. ಎರಡು ಸಾವಿರದ ಒಂದು ನೂರು.”

ಯಾರೂ ನಗಲಿಲ್ಲ. ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಹೇಮಂತ ಪರದೆ ಎಳೆದ.

ಡ್ರಿಲ್ ಅವತ್ತೇ ನಿಂತಿತು. ಶನಿವಾರ ಫಕ್ಕೀರೇಶನ ಕೆಲಸವೂ ಹೋಯಿತು. ಚೀಲ ಹೆಗಲಿಗೆ ಹಾಕಿಕೊಂಡು ಗೇಟು ದಾಟುವಾಗ ಗುತ್ತೆವ್ವ ಎದುರಾದಳು.

“ನಾ ನಿನಗ ಕೈ ಮುಗಿತೇನಿ ಅಂತ ತಿಳ್ಕೋಬ್ಯಾಡ, ತಮ್ಮಾ. ಎರಡು ತಿಂಗಳು ನಮ್ಮನ್ನ ಮಂಗ್ಯಾನಂಗ ಕುಣಿಸೀದಿ.”

“ಕೈ ಮುಗಿ ಅಂತ ಯಾರು ಅಂದಾರ? ನಿಮ್ಮ ಸಲುವಾಗಿ ಓದಲಿಲ್ಲ ನಾ. ಖರೇ ಇದ್ದದ್ದು ಓದಿದೆ.”

“ಹಂಗಿದ್ರ ಸರಿ,” ಎಂದು ಅವಳು ಒಳಗೆ ಹೋದಳು.

ಈಗ ಅವನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಶೀತಗೃಹವನ್ನು ಕಾಯುತ್ತಾನೆ. ಸೇರಿದ ದಿನವೇ ಗೇಟಿಗೆ ಅಡ್ಡಲಾಗಿ ಲಾರಿ ನಿಲ್ಲಿಸಿದ್ದಕ್ಕೆ ಡ್ರೈವರ್ ಬಾಬಾಜಾನನ ಜೊತೆ ಜಗಳ ತೆಗೆದ. ಬಾಬಾಜಾನನೂ ಬಿಡುವ ಆಸಾಮಿಯಲ್ಲ. ಇಬ್ಬರೂ ಗಂಟಲು ಹರಿಯುವ ಹಾಗೆ ಬೈದಾಡಿದರು. ಕೊನೆಗೆ ಲಾರಿ ಹತ್ತು ಅಡಿ ಹಿಂದೆ ಸರಿಯಿತು.